ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಕ್ರ್ಯಾಶ್ ಆಗ್ತಿದೆಯಾ? ರಿಪೇರಿಗೆ ಕೊಡುವ ಮುನ್ನ, ಯಾರಿಗಾದರೂ ಫೋನ್ ಮಾಡುವ ಮುನ್ನ ಇದನ್ನು ಓದಿ

ಗುರುಗ್ರಾಮ: 2024ರ ಜುಲೈ 19, ಶುಕ್ರವಾರ. ವಾರದ ಕೊನೆಯ ಕೆಲಸದ ದಿನ. ಬೆಳಗ್ಗೆ 10 ಗಂಟೆ ಸುಮಾರಿಗೆ ದೇಶದ ಹಲವು ಕಚೇರಿಗಳಲ್ಲಿ ಲ್ಯಾಪ್‌ಟಾಪ್‌ಗಳು ಒಂದರ ಹಿಂದೊಂದರಂತೆ ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಆಫ್ ಮಾಡಿ ಆನ್ ಮಾಡಿದರೂ ಮತ್ತದೇ ನೀಲಿ ಪರದೆ. ಗುರುಗ್ರಾಮದಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಂಡಿಗೋ ಸುಮಾರು 200 ವಿಮಾನಗಳ ಹಾರಾಟ ರದ್ದು ಮಾಡಿತು. ದೆಹಲಿಯಿಂದ ಬೆಂಗಳೂರಿನವರೆಗೆ ಹಲವು ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಕೈಯಾರೆ ಚೆಕ್-ಇನ್ ಮಾಡಿಸಿದರು. ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್‌ಗಳ ಫೋಟೋ ಎಲ್ಲರ ಮೊಬೈಲ್‌ಗೂ ಬಂತು.

ಅದೇ ತಿಂಗಳ ಕೊನೆಯ ವಾರ ಇದೇ ಊರಿನಿಂದ ಇನ್ನೊಂದು ಸುದ್ದಿ ಬಂತು. ಡಿಎಲ್‌ಎಫ್ ಸೈಬರ್ ಸಿಟಿಯಿಂದ ನಡೆಯುತ್ತಿದ್ದ ಕಾಲ್ ಸೆಂಟರ್ ಒಂದರ ಮೇಲೆ ಸಿಬಿಐ ದಾಳಿ ನಡೆಸಿ 43 ಜನರನ್ನು ಬಂಧಿಸಿತು. ಸಿಬಿಐ ಹೇಳಿದ ಪ್ರಕಾರ ಅವರ ಕೆಲಸದ ರೀತಿ ಹೀಗಿತ್ತು: ವಿದೇಶದಲ್ಲಿರುವ ಜನರ ಕಂಪ್ಯೂಟರ್‌ನಲ್ಲಿ ಪಾಪ್-ಅಪ್ ಮೂಡಿಸುವುದು, ಅದನ್ನು ಒತ್ತಿದವರ ಕಂಪ್ಯೂಟರ್‌ಗೆ ದುರುದ್ದೇಶದ ಸಾಫ್ಟ್‌ವೇರ್ ಇಳಿಸಿ ಕೆಲಸ ನಿಲ್ಲಿಸುವುದು, ಆಮೇಲೆ ‘ಸರಿಮಾಡಿಕೊಡುತ್ತೇವೆ’ ಎಂದು ಹಣ ಕೀಳುವುದು.

ಒಂದು ನಿಜವಾದ ಕ್ರ್ಯಾಶ್, ಇನ್ನೊಂದು ಕ್ರ್ಯಾಶ್ ಹೆಸರಿನ ಮೋಸ. ಪರದೆ ಎದುರು ಗಾಬರಿಯಿಂದ ಕುಳಿತವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಲ್ಯಾಪ್‌ಟಾಪ್ ಕೈಕೊಟ್ಟಾಗ ಜನ ಹಣ ಮತ್ತು ಫೈಲ್‌ಗಳನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಕ್ರ್ಯಾಶ್‌ನಿಂದಲ್ಲ, ಅದರ ಬೆನ್ನಿಗೇ ಮಾಡುವ ಅವಸರದ ಕೆಲಸಗಳಿಂದ. ಹಾಗಾಗದಂತೆ ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬೇಕು? ಇಲ್ಲಿದೆ ಮಾಹಿತಿ.

ಮೊದಲ ಪ್ರಶ್ನೆ: ಇದು ನಿಜವಾದ ಕ್ರ್ಯಾಶ್ ಹೌದೇ?

ವಿಂಡೋಸ್ ನಿಜವಾಗಿಯೂ ಕ್ರ್ಯಾಶ್ ಆದಾಗ ಇಡೀ ಪರದೆ ನೀಲಿಯಾಗುತ್ತದೆ. ‘ನಿಮ್ಮ ಪಿಸಿಗೆ ತೊಂದರೆಯಾಗಿದೆ, ರೀಸ್ಟಾರ್ಟ್ ಆಗಬೇಕಿದೆ’ ಎಂಬರ್ಥದ ಇಂಗ್ಲಿಷ್ ಸಾಲು, ಶೇಕಡಾವಾರು ಲೆಕ್ಕ ಮತ್ತು ಕೆಳಗೆ ಒಂದು ‘ಸ್ಟಾಪ್ ಕೋಡ್’ ಕಾಣುತ್ತದೆ. ಮೌಸ್ ಅಲುಗಾಡುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. 2025ರಲ್ಲಿ ಮೈಕ್ರೋಸಾಫ್ಟ್ ಈ ಪರದೆಯ ಬಣ್ಣವನ್ನೇ ಬದಲಿಸಿದೆ. ಹೊಸ ವಿಂಡೋಸ್ 11ರಲ್ಲಿ ನೀಲಿ ಬದಲು ಕಪ್ಪು ಪರದೆ ಬರುತ್ತದೆ. ಹಳೆಯ ಅಳುಮೋರೆ ಚಿಹ್ನೆ ಈಗಿಲ್ಲ. ಆದರೆ ಸ್ಟಾಪ್ ಕೋಡ್ ಉಳಿದಿದೆ.

ನಕಲಿ ಪರದೆ ಬಹುತೇಕ ಬಾರಿ ಬ್ರೌಸರ್‌ನಲ್ಲಿ ತೆರೆದ ಒಂದು ವೆಬ್ ಪುಟ ಮಾತ್ರ. ಅದು ಫುಲ್ ಸ್ಕ್ರೀನ್ ಆಗಿರುವುದರಿಂದ ಕಂಪ್ಯೂಟರೇ ನಿಂತಂತೆ ಅನಿಸುತ್ತದೆ. ಸೈರನ್ ಸದ್ದು, ‘ನಿಮ್ಮ ಬ್ಯಾಂಕ್ ಮಾಹಿತಿ ಕಳುವಾಗುತ್ತಿದೆ’ ಎಂಬ ಎಚ್ಚರಿಕೆಯ ದನಿ, ‘ಆಫ್ ಮಾಡಬೇಡಿ’ ಎಂಬ ಆದೇಶ, ಜೊತೆಗೆ ದೊಡ್ಡದಾಗಿ ಒಂದು ಫೋನ್ ನಂಬರ್. ಈ ಫೋನ್ ನಂಬರೇ ಗುಟ್ಟು ಬಿಟ್ಟುಕೊಡುತ್ತದೆ. ತನ್ನ ಎರರ್ ಸಂದೇಶಗಳಲ್ಲಿ ಎಂದಿಗೂ ಫೋನ್ ನಂಬರ್ ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ.

ಇಂಥ ಪರದೆ ಬಂದರೆ ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಮುಚ್ಚಿ. ಅದೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಆಯಿತು. ಮತ್ತೆ ಬ್ರೌಸರ್ ತೆರೆದಾಗ ‘ಹಳೆಯ ಪುಟಗಳನ್ನು ಮತ್ತೆ ತೆರೆಯಬೇಕೇ’ ಎಂದು ಕೇಳಿದರೆ ಬೇಡ ಎನ್ನಿ.

ಈ ಮೋಸ ಹೊಸದೇನಲ್ಲ. ಮೈಕ್ರೋಸಾಫ್ಟ್ ದೂರಿನ ಮೇಲೆ 2018ರ ನವೆಂಬರ್‌ನಲ್ಲೇ ಗುರುಗ್ರಾಮ ಮತ್ತು ನೋಯ್ಡಾ ಪೊಲೀಸರು 16 ನಕಲಿ ಟೆಕ್ ಸಪೋರ್ಟ್ ಕೇಂದ್ರಗಳ ಮೇಲೆ ದಾಳಿ ನಡೆಸಿದ್ದರು. ಆಗ ಬಲಿಯಾದವರಲ್ಲಿ ಹೆಚ್ಚಿನವರು ವಿದೇಶಿಯರು. ಆದರೆ ಪಾಪ್-ಅಪ್‌ಗೆ ದೇಶದ ಗಡಿ ಗೊತ್ತಿಲ್ಲ. ಹಾಸನದಲ್ಲೋ ದಾವಣಗೆರೆಯಲ್ಲೋ ಮನೆಯಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮನ ಲ್ಯಾಪ್‌ಟಾಪ್‌ಗೂ ಅದು ಬರಬಹುದು. ‘ಪರದೆಯಲ್ಲಿ ಫೋನ್ ನಂಬರ್ ಕಂಡರೆ ಅದಕ್ಕೆ ಮಾಡಬೇಡಿ, ನನಗೆ ಮಾಡಿ’ ಎಂದು ಮಕ್ಕಳು ಒಂದು ಮಾತು ಹೇಳಿಟ್ಟರೆ ಸಾಕು.

ಎರಡನೇ ಕೆಲಸ: ರಿಪೇರಿಯಲ್ಲ, ಬ್ಯಾಕಪ್

ಕ್ರ್ಯಾಶ್ ನಿಜವೆಂದು ಖಚಿತವಾದ ಮೇಲೆ, ಲ್ಯಾಪ್‌ಟಾಪ್ ಮತ್ತೆ ಆನ್ ಆಗುತ್ತಿದೆ ಎಂದಾದರೆ ಮೊದಲು ಮಾಡಬೇಕಾದದ್ದು ಬೇಕಾದ ಫೈಲ್‌ಗಳನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಪೆನ್ ಡ್ರೈವ್ ಅಥವಾ ಕ್ಲೌಡ್‌ಗೆ ನಕಲು ಮಾಡುವುದು. ಮುಂದಿನ ಸಲ ಆನ್ ಆಗುತ್ತದೆ ಎಂಬ ಖಾತ್ರಿ ಯಾರೂ ಕೊಡಲಾರರು.

ಅನೇಕರು ಇಲ್ಲಿ ತಪ್ಪು ಮಾಡುವುದು ಡಿಸ್ಕ್ ವಿಷಯದಲ್ಲಿ. ಡಿಸ್ಕ್ ಹಾಳಾಗಿರಬಹುದು ಎಂಬ ಅನುಮಾನದಿಂದ ನೇರವಾಗಿ ಡಿಸ್ಕ್ ರಿಪೇರಿ ಸ್ಕ್ಯಾನ್ ಶುರು ಮಾಡುತ್ತಾರೆ. ಸಾಯುವ ಸ್ಥಿತಿಯಲ್ಲಿರುವ ಡಿಸ್ಕ್ ಮೇಲೆ ಗಂಟೆಗಟ್ಟಲೆ ಸ್ಕ್ಯಾನ್ ಓಡಿಸುವುದೆಂದರೆ ಅದರ ಕೊನೆಯ ಶಕ್ತಿಯನ್ನೂ ಹಿಂಡಿದಂತೆ. ಮೊದಲು ನಕಲು, ಆಮೇಲೆ ಸ್ಕ್ಯಾನ್.

ಇದರ ಜೊತೆಗೆ ನೋಡಿಕೊಳ್ಳಬೇಕಾದ ಇನ್ನೊಂದು ವಿಷಯ ಬಿಟ್‌ಲಾಕರ್. ಇದು ಡಿಸ್ಕ್‌ನಲ್ಲಿರುವ ಎಲ್ಲವನ್ನೂ ಬೀಗ ಹಾಕಿಡುವ ವಿಂಡೋಸ್ ವ್ಯವಸ್ಥೆ. ಈಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದಾಗ ಈ ಬೀಗ ತಾನಾಗಿಯೇ ಬೀಳುವುದುಂಟು, ಬಳಕೆದಾರರಿಗೆ ಗೊತ್ತೇ ಇರುವುದಿಲ್ಲ. ಕ್ರ್ಯಾಶ್ ಆದ ಮೇಲೆ ರಿಪೇರಿ ಪರದೆಗೆ ಹೋದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಫೈಲ್‌ಗಳು ಒಳಗಿದ್ದೂ ಇಲ್ಲದಂತೆ. ಮೈಕ್ರೋಸಾಫ್ಟ್ ಖಾತೆಗೆ ಮೊಬೈಲ್‌ನಿಂದ ಲಾಗಿನ್ ಆಗಿ ಈ ಕೀ ನೋಡಬಹುದು. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅದನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು.

ಕ್ರ್ಯಾಶ್ ಯಾವಾಗ ಆಗುತ್ತದೆ? ಅದರಲ್ಲೇ ಉತ್ತರವಿದೆ

ಡಾಕ್ಟರ್ ಬಳಿ ಹೋದರೆ ‘ಜ್ವರ ಯಾವ ಹೊತ್ತಿಗೆ ಬರುತ್ತದೆ’ ಎಂದು ಕೇಳುತ್ತಾರೆ. ಲ್ಯಾಪ್‌ಟಾಪ್‌ಗೂ ಅದೇ ಪ್ರಶ್ನೆ. ಕ್ರ್ಯಾಶ್ ಆದಾಗ ಸಮಯ, ಆಗ ಮಾಡುತ್ತಿದ್ದ ಕೆಲಸ, ಚಾರ್ಜರ್ ಹಾಕಿತ್ತೋ ಇಲ್ಲವೋ, ಸ್ಟಾಪ್ ಕೋಡ್ ಏನು, ಇಷ್ಟನ್ನು ಬರೆದಿಡಿ. ಸ್ಟಾಪ್ ಕೋಡ್ ಓದುವಷ್ಟರಲ್ಲಿ ಮಾಯವಾಗುತ್ತಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಎರಡು ಮೂರು ಸಲ ಬರೆಯುವಷ್ಟರಲ್ಲಿ ಒಂದು ಲಯ ಕಾಣತೊಡಗುತ್ತದೆ.

* ಏನೂ ಸಂದೇಶವಿಲ್ಲದೆ ಪಟ್ಟನೆ ಆಫ್ ಆಗುತ್ತದೆ, ಕೈಯಿಟ್ಟರೆ ಸುಡುತ್ತದೆ: ಬಿಸಿ ಕಾರಣ.
* ಕರೆಂಟ್ ಹೋದ ಅಥವಾ ಚಾರ್ಜರ್ ತೆಗೆದ ಕ್ಷಣವೇ ಆಫ್ ಆಗುತ್ತದೆ: ಬ್ಯಾಟರಿ ಕಾರಣ.
* ಚಾರ್ಜರ್ ವೈರ್ ಅಲುಗಾಡಿದಾಗ ಚಾರ್ಜಿಂಗ್ ನಿಲ್ಲುತ್ತದೆ: ವೈರ್ ಅಥವಾ ಚಾರ್ಜಿಂಗ್ ಪೋರ್ಟ್ ಸಡಿಲ.
* ಅಪ್‌ಡೇಟ್ ಆದ ಮೇಲೆ ಅಥವಾ ಹೊಸ ಪ್ರಿಂಟರ್, ಹೊಸ ಡಾಕ್ ಜೋಡಿಸಿದ ಮೇಲೆ ನೀಲಿ ಪರದೆ ಶುರುವಾಗಿದೆ, ಪ್ರತಿ ಸಲ ಒಂದೇ ಕೋಡ್: ಡ್ರೈವರ್ ಕಾರಣ.
* ಪ್ರತಿ ಸಲ ಬೇರೆ ಬೇರೆ ಕೋಡ್, ಯಾವ ಕೆಲಸ ಮಾಡಿದರೂ ಕ್ರ್ಯಾಶ್: ರ‍್ಯಾಮ್ ಮೇಲೆ ಅನುಮಾನ.
* ಮೊದಲು ತೀರಾ ನಿಧಾನ, ಫೈಲ್ ತೆರೆಯುವುದಿಲ್ಲ, ಹಳೆಯ ಹಾರ್ಡ್ ಡಿಸ್ಕ್ ಆದರೆ ಟಿಕ್ ಟಿಕ್ ಸದ್ದು: ಡಿಸ್ಕ್ ಕಾರಣ.
* ಒಂದೇ ಆ್ಯಪ್ ಮುಚ್ಚಿಹೋಗುತ್ತದೆ, ಉಳಿದದ್ದೆಲ್ಲ ಸರಿ: ತೊಂದರೆ ಆ ಆ್ಯಪ್‌ನದು, ಲ್ಯಾಪ್‌ಟಾಪ್‌ನದಲ್ಲ.

ಬಿಸಿ ಮತ್ತು ಧೂಳು: ಗುರುಗ್ರಾಮದ ಬೇಸಿಗೆಯ ಪಾಠ

2022ರ ಮೇ 15ರಂದು ಗುರುಗ್ರಾಮದಲ್ಲಿ 48.1 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿತ್ತು. ಆದರೆ ಲ್ಯಾಪ್‌ಟಾಪ್‌ಗಳನ್ನು ತಯಾರಿಸುವುದು ಸಾಮಾನ್ಯವಾಗಿ 35 ಡಿಗ್ರಿವರೆಗಿನ ಕೋಣೆಗೆ. ಆ್ಯಪಲ್ ತನ್ನ ಮ್ಯಾಕ್‌ಬುಕ್‌ಗಳನ್ನು 10ರಿಂದ 35 ಡಿಗ್ರಿ ನಡುವೆ ಬಳಸಬೇಕು ಎಂದೇ ಬರೆದಿದೆ. ಎಸಿ ಇಲ್ಲದ ಕೋಣೆ, ಮಧ್ಯಾಹ್ನದ ‘ಲೂ’ ಬಿಸಿಗಾಳಿ, ಹಾಸಿಗೆ ಮೇಲಿಟ್ಟ ಲ್ಯಾಪ್‌ಟಾಪ್, ಒಂದರ ಮೇಲೊಂದು ವಿಡಿಯೋ ಮೀಟಿಂಗ್. ಇಷ್ಟು ಸೇರಿದರೆ ಯಂತ್ರ ಕೈಚೆಲ್ಲುವುದು ಸಹಜ. ಕಲಬುರಗಿ, ರಾಯಚೂರು, ಬಳ್ಳಾರಿಯ ಏಪ್ರಿಲ್–ಮೇ ತಿಂಗಳಿಗೂ ಇದೇ ಮಾತು ಅನ್ವಯ.

ಒಳಗೆ ನಡೆಯುವುದಿಷ್ಟೇ. ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಆಸುಪಾಸು. ಅದರ ಹತ್ತಿರ ಬಂದಾಗ ಪ್ರೊಸೆಸರ್ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಬದಲು ಪವರ್ ಕಡಿದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ನೀಲಿ ಪರದೆಯೂ ಇಲ್ಲ, ಸಂದೇಶವೂ ಇಲ್ಲ. ಅದು ಯಂತ್ರ ತನ್ನನ್ನು ತಾನು ಕಾಪಾಡಿಕೊಂಡ ರೀತಿ.

ಇದಕ್ಕೆ ಧೂಳು ಸೇರಿದರೆ ಬೇಸಿಗೆ ಬೇಕೇ ಇಲ್ಲ. ಸುತ್ತಲೂ ಕಟ್ಟಡ ಕಾಮಗಾರಿ ನಡೆಯುವ ಗುರುಗ್ರಾಮದಲ್ಲಿ ಕಿಟಕಿ ಮುಚ್ಚಿದರೂ ಧೂಳು ಒಳಗೆ ಬರುತ್ತದೆ. 2018ರ ಗಾಳಿಯ ಗುಣಮಟ್ಟ ಆಧರಿಸಿ 2019ರಲ್ಲಿ ಪ್ರಕಟವಾದ ಐಕ್ಯೂಏರ್ ವರದಿಯಲ್ಲಿ ಈ ಊರು ಜಗತ್ತಿನ ಅತ್ಯಂತ ಮಲಿನ ನಗರ ಎನಿಸಿಕೊಂಡಿತ್ತು. ಫ್ಯಾನ್ ಮತ್ತು ಅದರ ಪಕ್ಕದ ಲೋಹದ ಜಾಲರಿ ನಡುವೆ ಧೂಳು, ಕೂದಲು, ಬಟ್ಟೆಯ ನೂಲು ಸೇರಿ ಕಂಬಳಿಯಂತೆ ಕೂರುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಹೊರಗೆ ಬರುವುದಿಲ್ಲ.

ಪರೀಕ್ಷೆ ಸುಲಭ. ಲ್ಯಾಪ್‌ಟಾಪ್ ಬಿಸಿಯಾಗಿರುವಾಗ ಗಾಳಿ ಹೊರಬರುವ ಕಿಂಡಿಯ ಮುಂದೆ ಕೈ ಹಿಡಿಯಿರಿ. ಫ್ಯಾನ್ ಸದ್ದು ಜೋರಾಗಿದ್ದೂ ಗಾಳಿ ತಾಗದಿದ್ದರೆ ಒಳಗೆ ಧೂಳು ಕಟ್ಟಿದೆ ಎಂದರ್ಥ. ಕೆಲವು ದಿನ ಗಟ್ಟಿ ಮೇಜಿನ ಮೇಲೆ, ಹಿಂಬದಿ ಸ್ವಲ್ಪ ಎತ್ತರಿಸಿ, ತಂಪು ಕೋಣೆಯಲ್ಲಿ ಬಳಸಿ ನೋಡಿ. ಕ್ರ್ಯಾಶ್ ನಿಂತರೆ ಕಾರಣ ಸಿಕ್ಕಂತೆ. ಫ್ಯಾನ್ ಸ್ವಚ್ಛ ಮಾಡಿಸಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಹಚ್ಚಬೇಡಿ, ಅದರಿಂದ ಸ್ಥಿರ ವಿದ್ಯುತ್ ಹುಟ್ಟಿ ಒಳಗಿನ ಭಾಗಗಳಿಗೆ ಹಾನಿಯಾಗಬಹುದು.

ಕರೆಂಟ್ ಹೋಗಿ ಜನರೇಟರ್ ಬರುವ ನಡುವಿನ ಕ್ಷಣ

ಗುರುಗ್ರಾಮದ ಎತ್ತರದ ಅಪಾರ್ಟ್‌ಮೆಂಟ್‌ಗಳಲ್ಲಿ ಕರೆಂಟ್ ಹೋದರೆ ಡೀಸೆಲ್ ಜನರೇಟರ್ ಶುರುವಾಗುತ್ತದೆ. ನಡುವೆ ಕೆಲವು ಸೆಕೆಂಡ್ ಕತ್ತಲೆ. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್‌ಗೆ ಆ ಕತ್ತಲೆ ಗೊತ್ತೇ ಆಗುವುದಿಲ್ಲ. ಆ ಕ್ಷಣದಲ್ಲೇ ಆಫ್ ಆಗುತ್ತಿದ್ದರೆ ಬ್ಯಾಟರಿ ಹೆಸರಿಗಷ್ಟೇ ಇದೆ ಎಂದು ತಿಳಿಯಬೇಕು. ವರ್ಷಗಟ್ಟಲೆ ಚಾರ್ಜರ್‌ಗೆ ಚುಚ್ಚಿಟ್ಟೇ ಬಳಸಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಎಂದು ಟೈಪ್ ಮಾಡಿದರೆ ಬ್ಯಾಟರಿಯ ಪೂರ್ತಿ ಜಾತಕ ಬರುತ್ತದೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಎಂದರೆ ಹೊಸದರಲ್ಲಿ ಇದ್ದ ಸಾಮರ್ಥ್ಯ, ‘ಫುಲ್ ಚಾರ್ಜ್ ಕೆಪಾಸಿಟಿ’ ಎಂದರೆ ಈಗ ಉಳಿದಿರುವುದು. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆಯಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ.

ಒಂದು ಎಚ್ಚರಿಕೆ: ಟಚ್‌ಪ್ಯಾಡ್ ಮೇಲೆದ್ದಿದೆ, ಕೆಳಭಾಗ ಉಬ್ಬಿದೆ, ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲ ಎಂದಾದರೆ ಬ್ಯಾಟರಿ ಊದಿಕೊಂಡಿರಬಹುದು. ತಕ್ಷಣ ಚಾರ್ಜರ್ ತೆಗೆದು ಆಫ್ ಮಾಡಿ. ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೆ ಎಸೆಯಬೇಡಿ. ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ನೇರವಾಗಿ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಸಾಫ್ಟ್‌ವೇರ್ ಕಾರಣವಾದಾಗ: 21 ಕೇಳಿ 20 ಕೊಟ್ಟ ಕಥೆ

ಜುಲೈ 19ರ ಘಟನೆ ಸಾಫ್ಟ್‌ವೇರ್ ಕ್ರ್ಯಾಶ್‌ಗೆ ಒಳ್ಳೆಯ ಉದಾಹರಣೆ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ಭಾರತೀಯ ಕಾಲಮಾನ ಬೆಳಗ್ಗೆ 9.39ಕ್ಕೆ ಒಂದು ಸಣ್ಣ ಅಪ್‌ಡೇಟ್ ಕಳುಹಿಸಿತು. 78 ನಿಮಿಷಗಳ ನಂತರ, 10.57ಕ್ಕೆ ಅದನ್ನು ಹಿಂಪಡೆಯಿತು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಜಗತ್ತಿನ 85 ಲಕ್ಷ ವಿಂಡೋಸ್ ಸಾಧನಗಳು ನೆಲಕಚ್ಚಿದ್ದವು. ಇದು ಒಟ್ಟು ವಿಂಡೋಸ್ ಸಾಧನಗಳ ಶೇ.1ಕ್ಕಿಂತ ಕಡಿಮೆ.

ಕಾರಣವನ್ನು ಕಂಪನಿಯೇ ಆಮೇಲೆ ವಿವರಿಸಿತು. ಹೊಸ ನಿಯಮ 21 ವಿವರಗಳನ್ನು ಕೇಳುತ್ತಿತ್ತು, ಅದಕ್ಕೆ ಸಿಗುತ್ತಿದ್ದದ್ದು 20. ಇಲ್ಲದ 21ನೆಯದನ್ನು ಹುಡುಕುತ್ತಾ ಪ್ರೋಗ್ರಾಂ ತನಗೆ ಸೇರದ ಮೆಮೊರಿಗೆ ಕೈಹಾಕಿತು. ಸಾಮಾನ್ಯ ಆ್ಯಪ್ ಹೀಗೆ ಮಾಡಿದ್ದರೆ ಅದಷ್ಟೇ ಮುಚ್ಚಿಹೋಗುತ್ತಿತ್ತು. ಆದರೆ ಭದ್ರತಾ ಸಾಫ್ಟ್‌ವೇರ್, ಗ್ರಾಫಿಕ್ಸ್ ಡ್ರೈವರ್, ವೈಫೈ ಡ್ರೈವರ್‌ಗಳು ವಿಂಡೋಸ್‌ನ ಗರ್ಭಗುಡಿಯಾದ ಕರ್ನಲ್‌ನಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಒಂದು ತಪ್ಪಾದರೂ ಫೈಲ್‌ಗಳು ಕೆಡಬಾರದು ಎಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ನೀಲಿ ಪರದೆ ಎಂದರೆ ಇದೇ.

ಅಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಕೊಟ್ಟ ಸೂಚನೆ ಇಷ್ಟೇ ಆಗಿತ್ತು: ಸೇಫ್ ಮೋಡ್‌ನಲ್ಲಿ ಆನ್ ಮಾಡಿ, ಕ್ರೌಡ್‌ಸ್ಟ್ರೈಕ್ ಫೋಲ್ಡರ್‌ನಲ್ಲಿ ‘ಸಿ-00000291’ ಎಂದು ಶುರುವಾಗುವ ಫೈಲ್ ಅಳಿಸಿ, ರೀಸ್ಟಾರ್ಟ್ ಮಾಡಿ. ಕೆಲಸ ಚಿಕ್ಕದು. ಆದರೆ ಒಂದೊಂದು ಲ್ಯಾಪ್‌ಟಾಪ್ ಮುಂದೆಯೂ ಒಬ್ಬರು ಕೂತು ಮಾಡಬೇಕಿತ್ತು, ಬಿಟ್‌ಲಾಕರ್ ಇದ್ದಲ್ಲಿ 48 ಅಂಕಿಗಳ ಕೀ ಬೇಕಿತ್ತು. ಕೆಲವೆಡೆ ದಿನಗಟ್ಟಲೆ ಹಿಡಿದದ್ದು ಅದಕ್ಕೇ.

ಮನೆಯ ಲ್ಯಾಪ್‌ಟಾಪ್‌ಗೂ ದಾರಿ ಅದೇ.

1. ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಆನ್ ಆಗುತ್ತಲೇ ಇಲ್ಲ ಎಂದರೆ, ಆನ್ ಆಗುವ ನಡುವೆ ಪವರ್ ಬಟನ್ ಒತ್ತಿ ಹಿಡಿದು ಎರಡು ಮೂರು ಸಲ ನಿಲ್ಲಿಸಿದರೆ ರಿಪೇರಿ ಪರದೆ ತಾನಾಗಿಯೇ ಬರುತ್ತದೆ.
2. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡ್‌ಗೆ ಹೋಗಿ. ಅಲ್ಲಿ ವಿಂಡೋಸ್ ತೀರಾ ಅಗತ್ಯದ ಡ್ರೈವರ್‌ಗಳೊಂದಿಗೆ ಮಾತ್ರ ನಡೆಯುತ್ತದೆ. ಸೇಫ್ ಮೋಡ್‌ನಲ್ಲಿ ಗಂಟೆಗಟ್ಟಲೆ ಕ್ರ್ಯಾಶ್ ಆಗದಿದ್ದರೆ ತೊಂದರೆ ಸಾಫ್ಟ್‌ವೇರ್‌ನದು ಎಂಬುದಕ್ಕೆ ಅದು ಬಲವಾದ ಸುಳಿವು.
3. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ತೆರೆಯಿರಿ. ಯಾವ ದಿನ ಏನು ಇನ್‌ಸ್ಟಾಲ್ ಆಯಿತು, ಯಾವ ದಿನ ಕ್ರ್ಯಾಶ್ ಆಯಿತು ಎಂಬುದು ಕ್ಯಾಲೆಂಡರ್‌ನಂತೆ ಕಾಣುತ್ತದೆ. ಕೆಂಪು ಗುರುತು ಶುರುವಾದ ದಿನದ ಹಿಂದುಮುಂದು ಏನು ಬದಲಾಯಿತು ನೋಡಿ.
4. ಬದಲಾದದ್ದು ಡ್ರೈವರ್ ಆಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ವಿಂಡೋಸ್ ಅಪ್‌ಡೇಟ್ ಆಗಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಆ್ಯಪ್ ಆಗಿದ್ದರೆ ತೆಗೆದುಹಾಕಿ.
5. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದೆರಡು ದಿನ ನೋಡಿ. ಒಟ್ಟಿಗೆ ನಾಲ್ಕು ಮಾಡಿದರೆ ಯಾವುದರಿಂದ ಸರಿಹೋಯಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ವಿಂಡೋಸ್‌ನ ಫೈಲ್‌ಗಳೇ ಕೆಟ್ಟಿರುವ ಅನುಮಾನವಿದ್ದರೆ ಕಮಾಂಡ್ ಪ್ರಾಂಪ್ಟ್‌ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇಂಗ್ಲಿಷ್‌ನಲ್ಲಿ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಎಂದು ಟೈಪ್ ಮಾಡಿ. ಅದು ಕೆಟ್ಟ ಫೈಲ್ ಹುಡುಕಿ ಸರಿಪಡಿಸುತ್ತದೆ. ‘ಎಲ್ಲ ಡ್ರೈವರ್‌ಗಳನ್ನೂ ಉಚಿತವಾಗಿ ಸರಿಮಾಡುತ್ತೇವೆ’ ಎನ್ನುವ ಜಾಹೀರಾತು ಸಾಫ್ಟ್‌ವೇರ್‌ಗಳಿಂದ ದೂರವಿರಿ. ಡ್ರೈವರ್ ಬೇಕಿದ್ದರೆ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದಲೇ ಪಡೆಯಿರಿ.

ಸ್ಟಾಪ್ ಕೋಡ್ ಏನು ಹೇಳುತ್ತದೆ?

‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ ಮೊದಲು ರ‍್ಯಾಮ್ ಪರೀಕ್ಷಿಸಿ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ ಒತ್ತಿದರೆ ರೀಸ್ಟಾರ್ಟ್ ಆಗಿ ಪರೀಕ್ಷೆ ನಡೆಯುತ್ತದೆ. ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಬಂದರೆ ಹೆಚ್ಚಾಗಿ ಡ್ರೈವರ್ ತಪ್ಪು. ‘ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್’ ಎಂದರೆ ಹಾರ್ಡ್‌ವೇರ್ ಕಡೆ ಬೆರಳು: ಬಿಸಿ, ಪವರ್ ಅಥವಾ ಪ್ರೊಸೆಸರ್. ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುತ್ತಿಲ್ಲ. ಕೋಡ್ ತೀರ್ಪಲ್ಲ, ಸುಳಿವು ಮಾತ್ರ. ಮೇಲೆ ಬರೆದಿಟ್ಟ ಲಯದ ಜೊತೆ ಹೊಂದಿಸಿ ನೋಡಬೇಕು.

ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ಸಾಲು ನೋಡಿ ಹಲವರು ಗಾಬರಿಯಾಗುತ್ತಾರೆ. ‘ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ’ ಎಂಬುದಷ್ಟೇ ಅದರ ಅರ್ಥ. ಯಾಕೆ ಆಗಲಿಲ್ಲ ಎಂದು ಅದು ಹೇಳುವುದಿಲ್ಲ. ಅದರ ಜೊತೆ ಯಾವ ಸ್ಟಾಪ್ ಕೋಡೂ ಇಲ್ಲದಿದ್ದರೆ ಬಿಸಿ ಅಥವಾ ಪವರ್ ಕಡೆ ಗಮನ ಕೊಡಿ.

ಮ್ಯಾಕ್‌ಬುಕ್‌ನಲ್ಲಿ ಇದೇ ತೊಂದರೆಗೆ ‘ಕರ್ನಲ್ ಪ್ಯಾನಿಕ್’ ಎಂಬ ಹೆಸರು. ‘ತೊಂದರೆಯಿಂದಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಯಿತು’ ಎಂಬ ಸಂದೇಶ ಬರುತ್ತದೆ. ಒಮ್ಮೆ ಬಂದರೆ ಚಿಂತೆ ಬೇಡ. ಪದೇ ಪದೇ ಬಂದರೆ ಹೊರಗಿನಿಂದ ಜೋಡಿಸಿದ ಸಾಧನಗಳನ್ನೆಲ್ಲ ತೆಗೆದು, ಸೇಫ್ ಮೋಡ್‌ನಲ್ಲಿ ನಡೆಸಿ, ಆ್ಯಪಲ್ ಡಯಾಗ್ನಾಸ್ಟಿಕ್ಸ್ ಪರೀಕ್ಷೆ ಮಾಡಬೇಕು.

ಕಂಪನಿ ಲ್ಯಾಪ್‌ಟಾಪ್ ಆಗಿದ್ದರೆ

ಸೈಬರ್ ಸಿಟಿಯಲ್ಲಾಗಲಿ, ವೈಟ್‌ಫೀಲ್ಡ್‌ನಲ್ಲಾಗಲಿ ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಮೇಲಿನ ಪ್ರಯೋಗ ಬೇಡ. ಅದರ ಅಡ್ಮಿನ್ ಅಧಿಕಾರ, ಬಿಟ್‌ಲಾಕರ್ ಕೀ ಎರಡೂ ಐಟಿ ವಿಭಾಗದ ಬಳಿ ಇರುತ್ತವೆ. ಪರದೆಯ ಫೋಟೋ, ಸಮಯ, ಆಗ ತೆರೆದಿದ್ದ ಆ್ಯಪ್‌ಗಳ ಪಟ್ಟಿ ಕಳುಹಿಸಿದರೆ ಅವರ ಕೆಲಸ ಅರ್ಧ ಮುಗಿದಂತೆ. ಐಟಿ ವಿಭಾಗದವರೆಂದು ಯಾರಾದರೂ ತಾವಾಗಿಯೇ ಕರೆ ಮಾಡಿ ರಿಮೋಟ್ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟು, ಕಂಪನಿಯ ಅಧಿಕೃತ ನಂಬರ್‌ಗೆ ನೀವೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ.

ರಿಪೇರಿಗೆ ಕೊಡುವ ಮುನ್ನ

ವಾರಂಟಿ ಇದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ಗೇ ಕೊಡಿ. ವಾರಂಟಿ ಮುಗಿದಿದ್ದರೆ ದೆಹಲಿ ಭಾಗದವರಿಗೆ ನೆಹರು ಪ್ಲೇಸ್, ಬೆಂಗಳೂರಿನವರಿಗೆ ಎಸ್‌ಪಿ ರಸ್ತೆ ಗೊತ್ತಿರುವ ಜಾಗಗಳೇ. ಎಲ್ಲಿ ಕೊಟ್ಟರೂ ಈ ನಾಲ್ಕನ್ನು ಮರೆಯಬೇಡಿ.

* ಬ್ಯಾಕಪ್ ಮುಗಿಸಿ, ಬ್ರೌಸರ್‌ನಲ್ಲಿ ಉಳಿಸಿದ ಬ್ಯಾಂಕ್ ಪಾಸ್‌ವರ್ಡ್ ತೆಗೆಯಿರಿ. ನಿಮ್ಮ ಪಾಸ್‌ವರ್ಡ್ ಕೊಡುವ ಬದಲು ಬೇರೆ ಖಾತೆ ಮಾಡಿಕೊಡಿ.
* ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್, ರ‍್ಯಾಮ್ ಮತ್ತು ಡಿಸ್ಕ್ ಎಷ್ಟಿದೆ ಎಂಬುದನ್ನು ಬರೆದು, ಫೋಟೋ ತೆಗೆದಿಡಿ.
* ಏನು ತೊಂದರೆ, ಎಷ್ಟು ಖರ್ಚು ಎಂಬುದನ್ನು ಜಾಬ್ ಶೀಟ್‌ನಲ್ಲಿ ಬರೆಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.
* ‘ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ’ ಎಂದರೆ ಕಾರಣ ಕೇಳಿ. ಬಿಸಿ, ಬ್ಯಾಟರಿ, ರ‍್ಯಾಮ್ ತೊಂದರೆ ಫಾರ್ಮ್ಯಾಟ್‌ನಿಂದ ಹೋಗುವುದಿಲ್ಲ. ಹೋಗುವುದು ಫೈಲ್‌ಗಳು ಮಾತ್ರ.

ವಾರಂಟಿ ಇದ್ದೂ ಸರಿಮಾಡಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ–2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಅವಕಾಶವಿದೆ. ತೊಂದರೆ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಆಗ ನಿಮ್ಮ ಕೈ ಬಲಪಡಿಸುವುದು ಬಿಲ್, ಜಾಬ್ ಶೀಟ್ ಮತ್ತು ನೀವು ದಿನಾಂಕ ಸಮೇತ ಬರೆದಿಟ್ಟ ಕ್ರ್ಯಾಶ್ ಪಟ್ಟಿ.

ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ನಕಲಿ ನಂಬರ್‌ಗೆ ಫೋನ್ ಮಾಡಿ ಲ್ಯಾಪ್‌ಟಾಪ್‌ ಕೈಗೆ ಕೊಟ್ಟಾಗಿದೆ. ಈಗೇನು?
ಮೊದಲು ವೈಫೈ ಆಫ್ ಮಾಡಿ. ಅವರು ಹಾಕಿಸಿದ ರಿಮೋಟ್ ಆ್ಯಪ್ ತೆಗೆಯಿರಿ. ಬೇರೆ ಮೊಬೈಲ್‌ನಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಬ್ಯಾಂಕ್‌ಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಮುಚ್ಚಿಡಬೇಡಿ.

ಅಪ್‌ಡೇಟ್‌ನಿಂದಲೇ ಕ್ರ್ಯಾಶ್ ಆಗುವುದಾದರೆ ಅಪ್‌ಡೇಟ್ ನಿಲ್ಲಿಸಬಹುದೇ?
ಬೇಡ. ಕೆಲವು ದಿನ ಮುಂದೂಡಬಹುದು, ಪೂರ್ತಿ ನಿಲ್ಲಿಸಿದರೆ ವೈರಸ್‌ಗೆ ಬಾಗಿಲು ತೆರೆದಂತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುತ್ತಿರುವವರು ಈ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು.

ಬಯೋಸ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆಯೇ?
ಕೆಲವು ಸಲ ಹೋಗುತ್ತದೆ. ಆದರೆ ಅದು ನಡೆಯುವಾಗ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಆನ್ ಆಗದೇ ಹೋಗಬಹುದು. ಚಾರ್ಜರ್ ಹಾಕಿ, ಬ್ಯಾಟರಿ ತುಂಬಿರುವಾಗ, ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮಾತ್ರ ಮಾಡಿ. ಬ್ಯಾಟರಿಯೇ ಕೆಟ್ಟಿರುವ ಲ್ಯಾಪ್‌ಟಾಪ್‌ನಲ್ಲಿ ಮಾಡಲೇಬೇಡಿ.

ತಿಂಗಳಿಗೊಮ್ಮೆ ಕ್ರ್ಯಾಶ್ ಆದರೆ ಚಿಂತಿಸಬೇಕೇ?
ಒಮ್ಮೊಮ್ಮೆ ಆಗುವುದು ಸಹಜ. ಎರಡು ಕ್ರ್ಯಾಶ್‌ಗಳ ನಡುವಿನ ಅಂತರ ಕಡಿಮೆಯಾಗುತ್ತಾ ಬಂದರೆ ಗಮನಿಸಿ. ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆದರೆ ಇವತ್ತೇ ಬ್ಯಾಕಪ್ ತೆಗೆದುಕೊಳ್ಳಿ. ಉಳಿದ ಪರೀಕ್ಷೆಗಳನ್ನು ನಾಳೆ ಮಾಡಿದರೂ ನಡೆಯುತ್ತದೆ.